ವೈಂಡಿಂಗ್ ಭಾಯಿ ಕಟ್ಟಿದ ಕಟ್ಟೆ

ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಹಾರಿ ಬೋಸಿಗೆ ಬೀಳುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ನಾನು ಮಾಗಡಿ ಸೀಮೆಯವಳು, ತಿಪ್ಪಸಂದ್ರದ ಕಡೆಯವಳು. ಈ ಕೆಲಸಕ್ಕೆ ನಮಗೆ ಕಣ್ಣು ಬೇಕಿಲ್ಲ. ಬಾಯಲ್ಲಿ ನರಸಿಂಹಸ್ವಾಮಿ ಹೆಸರು ಹೇಳಿಕೊಂಡೇ ಮೊರ ತುಂಬ ಕಾಳು ಮುಗಿಸುತ್ತೇವೆ. ಅಷ್ಟರಲ್ಲಿ ನನ್ನ ನಾದಿನಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

ಅವಳಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಹಾಗಾಯಿತಂತೆ. ನಮಗೆಲ್ಲ ಅವಳು ಕೈಯಲ್ಲೇ ಒಂದೊಂದು ಹೆಸರು ಇಟ್ಟಿದ್ದಾಳೆ. ಹಣೆಗೆ ಬೊಟ್ಟು ಇಟ್ಟ ಹಾಗೆ ಮಾಡಿದರೆ ನಾನು. ಬಸ್ಸಿನ ಕಂಬಿ ಹಿಡಿದ ಹಾಗೆ ಮಾಡಿದರೆ ಅವಳ ಅಣ್ಣ, ಅಂದರೆ ನಮ್ಮನೆಯವರು. ಬಿಡದಿ ಫ್ಯಾಕ್ಟರಿಗೆ ಅವರು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬರುತ್ತಿದ್ದರಲ್ಲ, ಅದಕ್ಕೆ. ಒಂದು ಬೆರಳ ಸುತ್ತ ಇನ್ನೊಂದು ಬೆರಳನ್ನು ತಂತಿ ಸುತ್ತಿದ ಹಾಗೆ ಸುತ್ತಿದರೆ ಅದು ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಭಾಯಿ.

ಅವತ್ತು ಹಾಗೆ ಸುತ್ತಿದಳು. ಸುತ್ತುತ್ತಾ ಸುತ್ತುತ್ತಾ ನಿಲ್ಲಿಸಿ, ಎರಡೂ ಕೈ ಕೆಳಗೆ ಬಿಟ್ಟಳು.

ನನಗೆ ತಿಳಿಯಿತು. ಎದ್ದು ಕೈ ತೊಳೆದು ಅವಳನ್ನು ಹಿಡಿದುಕೊಂಡೆ. ಬೆಳಿಗ್ಗೆ ನಮಾಜಿಗೆ ಎದ್ದವರು ಹಾಗೇ ಒರಗಿಕೊಂಡರಂತೆ. ಯಾರಿಂದಲೂ ಒಂದು ಲೋಟ ನೀರು ಕೂಡ ತರಿಸಿಕೊಳ್ಳದೆ ಹೋದರು. ದೇವರು ಅವರಿಗೆ ಅಷ್ಟು ಕೊಟ್ಟ.

ಚನ್ನಪಟ್ಟಣದಲ್ಲಿ ನಮ್ಮದು ಲೇತ್ ಮನೆಗಳ ಬೀದಿ. ಬೆಳಿಗ್ಗೆ ಎದ್ದರೆ ಮರ ಕಡೆಯುವ ಸದ್ದು, ಬಿಸಿ ಅರಗಿನ ವಾಸನೆ. ಬೀದಿಯ ಮೂಲೆಯಲ್ಲಿ ಭಾಯಿಯ ಅಂಗಡಿ. ಲೇತಿನ ಮೋಟಾರು ಸುಟ್ಟರೂ ಬೋರ್‌ವೆಲ್ ಮೋಟಾರು ಸುಟ್ಟರೂ ಅವರ ಹತ್ತಿರವೇ ಹೋಗಬೇಕಿತ್ತು. ಅವರ ಹೆಸರು ನನಗೆ ಗೊತ್ತಿದೆ, ಆದರೆ ಬರೆಯುವುದಿಲ್ಲ. ಎಲ್ಲಿಯೂ ಹೆಸರು ಹಾಕಿಸಿಕೊಂಡ ಮನುಷ್ಯ ಅಲ್ಲ ಅವರು. ಅಂಗಡಿಗೆ ಬೋರ್ಡ್ ಕೂಡ ಇರಲಿಲ್ಲ.

ಮಿಕ್ಸಿ ಕೆಟ್ಟಿತು ಅಂತ ತೆಗೆದುಕೊಂಡು ಹೋದರೆ ಮೊದಲು ಅದನ್ನು ಮೂಸುತ್ತಿದ್ದರು. ನಾವು ಸಾರಿಗೆ ಒಗ್ಗರಣೆ ಹಾಕಿ ಮೂಸುವುದಿಲ್ಲವೆ, ಹಾಗೆ. ಮೂಸಿ ಕಣ್ಣು ಮುಚ್ಚಿಕೊಂಡು, "ಸತ್ತಿಲ್ಲ ಅಕ್ಕ. ಮೂರ್ಛೆ ಹೋಗೈತೆ ಅಷ್ಟೇ. ಸಾಯಂಕಾಲ ಬನ್ನಿ" ಅನ್ನುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ಬೀದಿಯ ಹೆಂಗಸರೆಲ್ಲ ಅವರಿಗೆ ಅಕ್ಕಂದಿರೇ.

ತಂತಿ ಸುತ್ತುವಾಗ ಸುತ್ತು ಎಣಿಸಬೇಕು. ಲೆಕ್ಕ ತಪ್ಪಿದರೆ ಮೋಟಾರು ಮತ್ತೆ ಸುಡುತ್ತೆ. ಆಗ ಯಾರು ಮಾತಾಡಿಸಿದರೂ ಒಂದು ಬೆರಳು ಎತ್ತುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಒಂದು ಸಲ ತಾಲ್ಲೂಕು ಆಫೀಸಿನ ದೊಡ್ಡ ಸಾಹೇಬರು ಜೀಪ್ ನಿಲ್ಲಿಸಿ ಕೂಗಿದರು. ಅವರಿಗೂ ಬೆರಳೇ. ಸಾಹೇಬರು ಹತ್ತು ನಿಮಿಷ ನಿಂತರು. ಆಮೇಲೆ ನಿಂತಿದ್ದಕ್ಕೆ ಅವರಿಗೆ ಚಹಾ ಸಿಕ್ಕಿತು.

ನಾದಿನಿಗೂ ಅವರಿಗೂ ಸ್ನೇಹವಾಗಿದ್ದು ಮೋಟಾರಿನಿಂದಲೇ. ನಮ್ಮ ಮಾವ ತೀರಿಕೊಂಡ ಮೇಲೆ ಅವರ ಲೇತನ್ನು ಇವಳೇ ನಡೆಸುತ್ತಿದ್ದಳು. ಹಾಲೆ ಮರದ ಬುಗುರಿ, ಗಿಲಕಿ, ಸಣ್ಣ ಸಣ್ಣ ಪಾತ್ರೆ ಸೆಟ್ಟು. ಮೋಟಾರಿನ ಮೇಲೆ ಅಂಗೈ ಇಟ್ಟರೆ ಎಲ್ಲಿ ಏನು ಕೆಟ್ಟಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅವರು ಮೂಸಿ ಹೇಳೋರು, ಅವಳು ಮುಟ್ಟಿ ಹೇಳೋಳು. ಇಬ್ಬರದೂ ಒಂದೇ ಆದರೆ ಭಾಯಿಗೆ ಬಹಳ ಖುಷಿ. ಬೇರೆ ಬೇರೆ ಆದರೆ ಹೆಚ್ಚು ಸಲ ಅವಳದೇ ಸರಿ ಇರುತ್ತಿತ್ತು. "ನನ್ನ ಮೂಗಿಗೆ ವಯಸ್ಸಾಯ್ತು ಬೇಟಿ" ಅಂತ ಅವಳ ಮುಂದೆ ಮೂಗು ಹಿಂಡಿಕೊಂಡು ತೋರಿಸೋರು. ಅವಳು ನಗೋಳು.

ಈಗ ಕಟ್ಟೆಯ ವಿಷಯಕ್ಕೆ ಬರುತ್ತೇನೆ.

ರಾಮನಗರ ಜಿಲ್ಲೆಯಾದ ಹೊಸತು. ಬಿಡದಿಯಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಎದ್ದು, ಬೆಳಿಗ್ಗೆ ಬಸ್ಸುಗಳು ಬೀದಿಬೀದಿಗೆ ಬಂದು ಗಂಡಸರನ್ನು ತುಂಬಿಕೊಂಡು ಹೋಗುತ್ತಿದ್ದವು. ಲೇತ್ ಮನೆಗಳು ಒಂದೊಂದೇ ಬಾಗಿಲು ಹಾಕಿದವು. ಉಳಿದ ಲೇತಿನವರು ತಮ್ಮ ಗೊಂಬೆಗಳ ಫೋಟೊಗಳನ್ನು ಇಂಟರ್ನೆಟ್ಟಿನಲ್ಲಿ ಯಾವುದೋ ದೊಡ್ಡ ಕಂಪನಿ ಪುಕ್ಕಟೆಯಾಗಿ ಕೊಟ್ಟಿದ್ದ ಜಾಗದಲ್ಲಿ ಇಟ್ಟುಕೊಂಡಿದ್ದರು. ಒಂದು ದಿನ ಆ ಕಂಪನಿ ಆ ಜಾಗವನ್ನೇ ಮುಚ್ಚಿಬಿಟ್ಟಿತು. ಭಾಯಿಯ ತಂದೆ ಲೇತಿನ ಮುಂದೆ ಕೂತಿದ್ದ ಒಂದೇ ಒಂದು ಫೋಟೊ ಅದರಲ್ಲಿತ್ತು. ಮೂಲ ಫೋಟೊ ಆಗಲೇ ಗೆದ್ದಲು ತಿಂದು ಹೋಗಿತ್ತು.

ಭಾಯಿ ಒಂದು ವಾರ ಗುಜರಿ ಅಂಗಡಿಗಳನ್ನು ಸುತ್ತಿದರು. ಆಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೇ ಕಂಪ್ಯೂಟರೊಂದನ್ನು ತಂದಿಟ್ಟು, ಕರೆಂಟು ಹೋದಾಗ ನಿಲ್ಲದಿರಲಿ ಅಂತ ಲಾರಿ ಬ್ಯಾಟರಿ ಜೋಡಿಸಿ, ತಮ್ಮದೇ ಸರ್ವರ್ ಮಾಡಿಕೊಂಡರು. ಇಂಗ್ಲಿಷ್ ಪುಸ್ತಕವನ್ನು ಬೆರಳಿಟ್ಟು ಓದಿ ಓದಿ ಕಲಿತರು.

"ಬಾಡಿಗೆ ಮನೇಲಿ ಗೋಡೆಗೆ ಮೊಳೆ ಹೊಡೀಬೇಕಾದ್ರೂ ಓನರ್ ಮುಖ ನೋಡ್ಬೇಕು ಅಕ್ಕ. ಖಾಲಿ ಮಾಡು ಅಂದ್ರೆ ಮಾಡ್ಬೇಕು. ಗೂಡಾದ್ರೂ ನಮ್ದಾಗಿರ್ಲಿ" ಅಂದರು.

ಅದಕ್ಕೆ ಕಟ್ಟೆ ಅಂತ ಹೆಸರಿಟ್ಟರು. ಅರಳಿಕಟ್ಟೆಯಲ್ಲಿ ಕೂತು ಮಾತಾಡಿದ ಹಾಗೆ ಕಂಪ್ಯೂಟರಿನಲ್ಲಿ ಬರೆದು ಮಾತಾಡುವುದು. ಕಿನ್ನಾಳ ಅಂತ ಕೊಪ್ಪಳದ ಕಡೆ ಇನ್ನೊಂದು ಗೊಂಬೆ ಊರಿದೆ. ಅಲ್ಲಿ ಒಬ್ಬ ಮೇಷ್ಟ್ರು ಅಂಥದ್ದೇ ಕಟ್ಟೆ ಇಟ್ಟಿದ್ದರು. ಅವರದು ಅವರ ಕಂಪ್ಯೂಟರಿನಲ್ಲಿ, ಇವರದು ಇವರ ಕಂಪ್ಯೂಟರಿನಲ್ಲಿ. ಆದರೂ ಇಲ್ಲಿ ಆಡಿದ ಮಾತು ಮೇಲ್ ಮೂಲಕ ಅಲ್ಲಿಗೆ ಹೋಗುತ್ತೆ, ಅಲ್ಲಿಯದು ಇಲ್ಲಿಗೆ ಬರುತ್ತೆ. ಒಲೆ ಬೇರೆಬೇರೆ, ಹಿತ್ತಿಲು ಒಂದೇ ಇರುವ ಅಣ್ಣತಮ್ಮಂದಿರ ಮನೆಗಳ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಭಾಯಿ ಅದೇ ಸರಿ ಅಂದರು.

ನಾದಿನಿಗಾಗಿ ಅವರು ಕೀಬೋರ್ಡಿನ ಒಂದೊಂದು ಗುಂಡಿಗೂ ಕನ್ನಡ ಅಕ್ಷರ ಬರೆದ ಚೀಟಿ ಅಂಟಿಸಿದರು. ಅವಳು ಓದು ಬರಹ ಕಲಿತವಳು. ಆದರೆ ಬರೆದು ತೋರಿಸಿದರೆ ನಿಂತು ಓದುವಷ್ಟು ಪುರುಸೊತ್ತು ಯಾರಿಗಿತ್ತು? ಮದುವೆಮನೆಗೆ ಹೋದರೂ ಮೂಲೆಯಲ್ಲಿ ಕೂತು ಎಲ್ಲರ ಬಾಯಿ ನೋಡಿಕೊಂಡು ಬರುತ್ತಿದ್ದಳು. ಕಟ್ಟೆಯಲ್ಲಿ ಎಲ್ಲರೂ ಬರೆದೇ ಮಾತಾಡಬೇಕಲ್ಲ. ಅಲ್ಲಿ ಅವಳೂ ಎಲ್ಲರ ಸಮ. ಮೊದಲ ದಿನ ಅರ್ಧ ಗಂಟೆ ಕೂತು ಕಿನ್ನಾಳದವರಿಗೆ ಬರೆದಳು: "ನನಗೆ ಕಿವಿ ಕೇಳುವುದಿಲ್ಲ. ಅರಗಿಗೆ ಬಣ್ಣ ಹಾಕುತ್ತೇನೆ. ನನ್ನ ಹಳದಿ ಬಿಸಿಲಿಗೆ ಮಂಕಾಗುತ್ತದೆ. ನಿಮ್ಮ ಹಳದಿ ಹೇಗೆ ನಿಲ್ಲುತ್ತದೆ?"

ಉತ್ತರ ಬರಬೇಕಾದರೆ ಅವಳು ಬರೆದದ್ದು ಕಿನ್ನಾಳದವರಿಗೆ ಗೊತ್ತಾಗಬೇಕು. ಆಗ ಮನೆಮನೆಯಲ್ಲಿ ಕಂಪ್ಯೂಟರ್ ಎಲ್ಲಿತ್ತು? ಜನ ವಾರಕ್ಕೊಂದು ಸಲ ಸೈಬರ್ ಸೆಂಟರಿಗೆ ಹೋಗಿ ಮೇಲ್ ನೋಡಿಕೊಂಡು ಬರೋರು. ಕಟ್ಟೆಯಲ್ಲಿ ನಿಮ್ಮನ್ನು ಯಾರಾದರೂ ಮಾತಾಡಿಸಿದರೆ ಭಾಯಿಯ ಸರ್ವರ್ ನಿಮ್ಮ ಮೇಲ್‌ಗೆ ಒಂದು ಕಾಗದ ಕಳಿಸುತ್ತೆ. ಕಾಗದ ಕಂಡರೆ ಕಟ್ಟೆಗೆ ಬರುತ್ತೀರಿ, ಇಲ್ಲದಿದ್ದರೆ ಯಾರೂ ಕರೆದಿಲ್ಲ ಅಂದುಕೊಂಡು ಎದ್ದು ಹೋಗುತ್ತೀರಿ.

ಇಲ್ಲೇ ನಾನು ತಪ್ಪು ಮಾಡಿದ್ದು.

ಅವಳು ಮೊದಲ ಸಲ ಬರೆಯುವುದಕ್ಕೆ ಹಿಂದಿನ ದಿನ, ಸಂಕ್ರಾಂತಿಗೆ, ಭಾಯಿಯ ಮನೆಗೆ ಎಳ್ಳು ಬೀರಲು ಹೋಗಿದ್ದೆ. ಬೊಂಬೆ ಅಂಗಡಿಗಳ ಪುಸ್ತಕದಲ್ಲಿ ಗಿರಾಕಿಗಳು ಬರೆದುಹೋಗಿದ್ದ ಮೇಲ್ ವಿಳಾಸಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದರು. ಕಟ್ಟೆಗೆ ಬನ್ನಿ ಅಂತ ಕರೆಯೋಲೆ ಕಳಿಸಬೇಕು, ಒಸಿ ಒಸಿ ಕಳಿಸಲೋ ಒಟ್ಟಿಗೆ ಕಳಿಸಲೋ ಅಂತ ಯೋಚನೆ ಮಾಡುತ್ತಿದ್ದರು. ನಾನು ದೊಡ್ಡದಾಗಿ ಬುದ್ಧಿ ಹೇಳಿದೆ. "ಒಂದು ಮನೆಗೆ ಇವತ್ತು, ಇನ್ನೊಂದು ಮನೆಗೆ ನಾಳೆ ಅಂದ್ರೆ ಎಳ್ಳು ತಿನ್ನೋರು ಬೇಜಾರು ಮಾಡ್ಕೋತಾರೆ ಭಾಯಿ. ಬೀರೋದು ಅಂದ್ಮೇಲೆ ಒಂದೇ ದಿನ, ಒಬ್ರನ್ನೂ ಬಿಡಬಾರ್ದು."

"ಅದೂ ಸರಿಯೇ" ಅಂದರು. ಸಾಯಂಕಾಲದೊಳಗೆ ನೂರಾರು ಜನಕ್ಕೆ ಒಟ್ಟಿಗೆ ಕಳಿಸಿಬಿಟ್ಟರು.

ಮೇಲ್ ಹಂಚುವ ದೊಡ್ಡ ದೊಡ್ಡ ಕಂಪನಿಗಳು ಇದನ್ನು ನೋಡಿದವು. ನಿನ್ನೆಯವರೆಗೆ ಹೆಸರೇ ಕೇಳದ ಮನೆಯಿಂದ ಇವತ್ತು ಇಷ್ಟು ಕಾಗದ ಯಾಕೆ ಬಂತು? ಇದು ಕಳ್ಳರ ಕೆಲಸ ಅಂತ ತೀರ್ಮಾನ ಮಾಡಿ ಭಾಯಿಯ ಸರ್ವರನ್ನು ಕೆಟ್ಟವರ ಪಟ್ಟಿಗೆ ಸೇರಿಸಿದವು. ಅಲ್ಲಿಂದ ಮುಂದೆ ಕಟ್ಟೆಯಿಂದ ಹೊರಟ ಕಾಗದವೆಲ್ಲ ಜನರ ಮೇಲ್‌ನ ಕಸದ ಡಬ್ಬಕ್ಕೆ ಬೀಳತೊಡಗಿತು. ಅದನ್ನು ಯಾರು ತೆಗೆದು ನೋಡುತ್ತಾರೆ? ನಾದಿನಿಯ ಮಾತೂ ಅದರಲ್ಲೇ ಹೋಯಿತು.

ನಮಗೆ ಇದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಅಷ್ಟು ದಿನವೂ ಅವಳು ಲೇತ್ ನಿಲ್ಲಿಸಿ, ಕೈ ತೊಳೆದು, ತಲೆ ಬಾಚಿಕೊಂಡು ಭಾಯಿಯ ಅಂಗಡಿಗೆ ಹೋಗೋಳು. ಉತ್ತರ ಬಂದಿದೆಯಾ ನೋಡೋಳು. ಇಲ್ಲ. ಇನ್ನೊಂದು ಮಾತು ಬರೆದು ಬರೋಳು. ಒಂದು ದಿನ ನನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ತೋರಿಸಿದಳು: "ಅತ್ತಿಗೆ, ಬರೆದರೂ ನನ್ನ ಮಾತು ಯಾರಿಗೂ ಬೇಡ."

ಆ ಹಾಳೆ ನೋಡಿ ನನಗೆ ಅವತ್ತು ಊಟ ಸೇರಲಿಲ್ಲ.

ಎದುರು ಲೇತ್ ಮನೆಯ ಯಜಮಾನರು ಬಾಯಿ ಸುಮ್ಮನಿಡುವವರಲ್ಲ. ಒಂದು ಬೆಳಿಗ್ಗೆ ನಾನು ಜಗಲಿ ಒರೆಸುತ್ತಿದ್ದಾಗ ಭಾಯಿಯನ್ನು ಹಿಡಿದುಕೊಂಡರು. "ಏನಯ್ಯಾ ಭಾಯಿ, ಪೋಸ್ಟಾಫೀಸು ಇಟ್ಟಿದ್ದೀಯಂತೆ! ಟಪಾಲು ಮಾತ್ರ ಎಲ್ಲಿಗೂ ಹೋಗಕ್ಕಿಲ್ವಂತೆ?"

"ಹೋಗ್ತದೆ ಕಣಯ್ಯಾ. ಕಸಕ್ಕೆ ಹೋಗ್ತದೆ."

"ಯಾರಪ್ಪಾ ನಿಂಗೆ ಹಂಗೆ ಒಂದೇ ಸಲಕ್ಕೆ ಸುರೀ ಅಂತ ಹೇಳ್ಕೊಟ್ಟೋರು?"

ನಾನು ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ಭಾಯಿ ನನ್ನ ಕಡೆ ನೋಡಲೂ ಇಲ್ಲ. "ಯಾರೂ ಇಲ್ಲ. ನಂದೇ ತಲೆ ಓಡ್ಲಿಲ್ಲ" ಅಂದರು.

ಮಧ್ಯಾಹ್ನ ಅಂಗಡಿಗೆ ಹೋದೆ. "ಭಾಯಿ, ನಾನಲ್ವಾ ಹೇಳಿದ್ದು? ನನ್ನ ಹೆಸರು ಯಾಕೆ ಹೇಳ್ಲಿಲ್ಲ?" ಅಂದೆ. ಅವರು ತಂತಿ ಸುತ್ತುತ್ತಿದ್ದರು. ಬೆರಳು ಎತ್ತಿದರು. ನಾನು ಕಾದೆ. ಎಣಿಕೆ ಮುಗಿಸಿ, ತುದಿ ಗಂಟು ಹಾಕಿ, ಆಮೇಲೆ ಹೇಳಿದರು: "ನೀವು ಹೇಳಿದ್ದು ಎಳ್ಳಿನ ವಿಷ್ಯ ಅಕ್ಕ. ಎಳ್ಳಿಗೆ ಅದು ಸರಿಯಾಗೇ ಐತೆ. ಮೇಲ್‌ಗೆ ಹೊಂದ್ಸಿದ್ದು ನಾನು."

ಇಂಥ ಮಾತು ಆಡುವವರು ಪಕ್ಕದಲ್ಲಿದ್ದರೆ ಅದೂ ದೇವರು ಕೊಟ್ಟದ್ದೇ.

"ಕಿನ್ನಾಳದ ಮೇಷ್ಟ್ರಿಗೆ ಒಂದು ಫೋನ್ ಮಾಡಿ, ಕಸದ ಡಬ್ಬ ನೋಡಿ ಅಂತ ಹೇಳಿಬಿಡಿ" ಅಂದೆ. ಅವರು ಬೇಡ ಅಂತ ತಲೆ ಆಡಿಸಿದರು. "ಅವರು ಒಂದ್ಸಲ ನೋಡ್ತಾರೆ, ನನ್ನ ಮಾತಿಗೆ ಒಂದು ಉತ್ತರ ಬರೀತಾರೆ. ನಾಳಿಂದ ಮತ್ತೆ ಕಸವೇ. ಬೇಟಿ ಫೋನಲ್ಲಿ ಮಾತಾಡೋಳಲ್ಲ ಅಕ್ಕ. ಅವಳ ಕಾಗದ ಯಾರ ಕೈಯೂ ಹಿಡೀದೆ ನಡ್ಕೊಂಡು ಹೋಗ್ಬೇಕು."

ನಾದಿನಿ ಮಾತ್ರ ಇನ್ನು ಬರುವುದಿಲ್ಲ ಅಂತ ಕೈ ಝಾಡಿಸಿಬಿಟ್ಟಿದ್ದಳು. ಭಾಯಿ ಮನೆಗೇ ಬಂದು ಒಂದು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರು: "ಯುಗಾದಿ ತನಕ ಟೈಮ್ ಕೊಡು. ತಪ್ಪು ನಿನ್ನ ಮಾತಿಂದಲ್ಲ. ನನ್ನ ಮೋಟಾರಿಂದು." ಅವಳು ಬಹಳ ಹೊತ್ತು ರಟ್ಟು ನೋಡಿದಳು. ಆಮೇಲೆ ಯುಗಾದಿ ತನಕ ಆಗಲಿ ಅಂತ ತಲೆ ಆಡಿಸಿದಳು.

ಯುಗಾದಿಗೆ ಮೂರು ವಾರವಿತ್ತು.

ಆ ಪಟ್ಟಿಯಿಂದ ಹೆಸರು ತೆಗೆಸುವುದು ಸುಲಭವಲ್ಲ. ಅಲ್ಲಿ ಮನುಷ್ಯರೇ ಇರುವುದಿಲ್ಲ, ಅರ್ಜಿ ಹಾಕಿದರೆ ಮೆಷಿನ್ನು ಉತ್ತರ ಕೊಡುತ್ತೆ. ಭಾಯಿ ದಿನಕ್ಕೊಂದು ಅರ್ಜಿ ಹಾಕೋರು. "ಮೆಷಿನ್ನಿಗೆ ಕೋಪ ಬರಲ್ಲ ಅಕ್ಕ, ಅನುಮಾನ ಬರ್ತದೆ. ಕೋಪ ಆದ್ರೆ ಒಂದು ದಿನಕ್ಕೆ ಇಳೀತದೆ. ಅನುಮಾನ ದಿನಾ ಒಸಿ ಒಸಿ ಕರಗ್ಬೇಕು" ಅನ್ನೋರು. ಒಂದೇ ಒಂದು ಉತ್ತರ ಬರಲಿ ಅಂತ ಸಾವನದುರ್ಗದ ನರಸಿಂಹಸ್ವಾಮಿಗೆ ನಾನು ಹರಕೆ ಹೊತ್ತಿದ್ದನ್ನು ಹೇಳಿದೆ. ನಕ್ಕರು. "ನೀವು ಅಲ್ಲಿ ಅರ್ಜಿ ಹಾಕಿ, ನಾನು ಇಲ್ಲಿ ಹಾಕ್ತೀನಿ. ಯಾವ ಆಫೀಸು ಮೊದ್ಲು ಬಾಗ್ಲು ತೆರೀತದೋ ನೋಡವ."

ಇನ್ನೊಂದು ತೊಡಕಿತ್ತು. ಸರ್ವರಿನ ಹೆಸರು ಹೇಳಿದರೆ ಅದರ ನಂಬರು ಸಿಗುತ್ತಿತ್ತು, ನಂಬರು ಹೇಳಿದರೆ ಹೆಸರು ಸಿಗುತ್ತಿರಲಿಲ್ಲ. ಮನೆಗೆ ಡೋರ್ ನಂಬರ್ ಇದೆ, ಬಾಗಿಲ ಮೇಲೆ ಯಜಮಾನನ ಹೆಸರಿಲ್ಲ ಅಂದ ಹಾಗೆ. ಅಂಥ ಮನೆಯ ಕಾಗದವನ್ನು ಮೆಷಿನ್ನು ನಂಬುವುದಿಲ್ಲವಂತೆ. ಆ ಹೆಸರು ಬರೆಯಬೇಕಾದವರು ಇಂಟರ್ನೆಟ್ ಲೈನ್ ಕೊಟ್ಟವರು. ಭಾಯಿ ರಾಮನಗರದ ಅವರ ಆಫೀಸಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಹೋಗಿ ಬಂದರು. ಇವರು ಕೇಳುವುದೇನು ಅಂತ ಅಲ್ಲಿ ಕೂತವರಿಗೆ ಅರ್ಥವೇ ಆಗುತ್ತಿರಲಿಲ್ಲ.

ನಾಲ್ಕನೆಯ ಸಲ ಹೋದಾಗ ಅಲ್ಲಿ ನೀರಿನ ಪಂಪು ಸುಟ್ಟಿತ್ತು. ಬಾಗಿಲಲ್ಲೇ ವಾಸನೆ ಹಿಡಿದರು. ಸುಟ್ಟ ಮೋಟಾರನ್ನು ಹಾಗೇ ಬಿಟ್ಟು ಕೂರುವುದು ಅವರಿಂದ ಆಗದ ಕೆಲಸ. ತಮ್ಮ ಅರ್ಜಿ ಮರೆತು, ಅಂಗಿ ತೋಳು ಮಡಿಸಿ, ಪಂಪು ಬಿಚ್ಚಿ ಅಂಗಡಿಗೆ ತಂದು ಸುತ್ತಿ, ಮಾರನೆಯ ದಿನ ಕೂರಿಸಿ ಬಂದರು. ನೀರು ಬಂದ ಮೇಲೆ ಒಳಗಿನಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದು, "ನೀವು ಯಾರು? ಯಾಕೆ ಬಂದಿದ್ರಿ?" ಅಂತ ಕೇಳಿದಳಂತೆ. ಇಷ್ಟು ದಿನದಲ್ಲಿ ಹಾಗೆ ಕೇಳಿದ ಮೊದಲನೆಯವಳು ಅವಳೇ. ಕೂರಿಸಿಕೊಂಡು ಪೂರ್ತಿ ಕೇಳಿ, ಅವತ್ತೇ ಮೇಲಿನವರಿಗೆ ಹೇಳಿ ಹೆಸರು ಬರೆಸಿದಳು. ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ನನ್ನ ಪಾಲಿನ ಕೆಲಸವೂ ಇತ್ತು. ಭಾಯಿ ಈಗ ದಿನಕ್ಕೆ ಐದೇ ಕಾಗದ ಕಳಿಸುತ್ತಿದ್ದರು, ಅದೂ ನಮ್ಮ ಊರಿನವರಿಗೆ. ಅವರು ಅದನ್ನು ಕಸದ ಡಬ್ಬದಿಂದ ತೆಗೆದು "ಇದು ಕಸ ಅಲ್ಲ" ಅನ್ನುವ ಗುಂಡಿ ಒತ್ತಬೇಕು. ಒಬ್ಬೊಬ್ಬರು ಒತ್ತಿದ ಹಾಗೂ ಅನುಮಾನ ಒಂದೊಂದು ಎಳೆ ಕಡಿಮೆಯಾಗುತ್ತೆ. ಭಾಯಿ ಐದು ಹೆಸರಿನ ಚೀಟಿ ಕೊಡೋರು. ನಾನು ಅರಿಶಿನ ಕುಂಕುಮಕ್ಕೆ ಕರೆಯುವವಳ ಹಾಗೆ ಮನೆಮನೆಗೆ ಹೋಗುತ್ತಿದ್ದೆ.

"ನಿಮ್ಮ ಮಗಳ ಮೇಲ್‌ಗೆ ಕಟ್ಟೆಯಿಂದ ಕಾಗದ ಬಂದೈತೆ, ಕಸದಲ್ಲಿ ಬಿದ್ದೈತೆ, ತೆಗ್ದು ಗುಂಡಿ ಒತ್ತಕ್ಕೆ ಹೇಳವ್ವ."

"ಅಯ್ಯೋ, ಬಂದಿರೋ ಕಾಗದ ನೋಡು ಅಂತ ಹೇಳಕ್ಕೂ ಒಬ್ರು ಮನೆತಂಕ ಬರಬೇಕಾ? ಆ ಕಾಗದನೇ ನೀನು ಕೈಯಲ್ಲಿ ತಂದ್ಬುಟ್ಟಿದ್ರೆ ಆಗಿರೋದು ಕಣಮ್ಮಿ!"

ಎಲ್ಲ ಮನೆಯಲ್ಲೂ ಈ ನಗು ಇದ್ದದ್ದೇ. ನಕ್ಕರೂ ಒತ್ತಿದರು. ಬೈಸಿಕೊಂಡು ಬರಲಿಲ್ಲ, ನಗಿಸಿ ಬಂದೆ. ಕೆಲವು ಮನೆಯಲ್ಲಿ ಕಾಫಿಯೂ ಆಯಿತು.

ಯುಗಾದಿಗೆ ಎರಡು ದಿನ ಇರುವಾಗ ಭಾಯಿ ನಾದಿನಿಯನ್ನು ಕರೆಸಿ, ಇನ್ನೊಂದು ಸಲ ಬರಿ ಅಂದರು. ಅವಳು ಮನಸ್ಸಿಲ್ಲದ ಮನಸ್ಸಿನಿಂದ ಒಂದೇ ಸಾಲು ಬರೆದಳು: "ಹಳದಿ ವಿಷಯ ಕೇಳಿದ್ದೆ." ಅಷ್ಟೇ ಬರೆದು ಎದ್ದು ಬಂದಳು.

ಯುಗಾದಿ ದಿನ ಬೇವು ಬೆಲ್ಲ ಕೊಡಲು ಭಾಯಿಯ ಅಂಗಡಿಗೆ ನಾವಿಬ್ಬರೂ ಹೋದೆವು. ಅವರು ಹಿಂದಿನ ಕೋಣೆಯಲ್ಲಿ ಕುರ್ಚಿ ಬಿಟ್ಟು ನಿಂತಿದ್ದರು. ಬೇವು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು, ಅವಳಿಗೆ ಕುರ್ಚಿ ತೋರಿಸಿದರು.

ಕಿನ್ನಾಳದಿಂದ ಬಂದಿತ್ತು. ಅಲ್ಲಿ ಬಣ್ಣ ಹಚ್ಚುವ ಒಬ್ಬ ಅಜ್ಜಿ ಹೇಳಿದ್ದನ್ನು ಮೇಷ್ಟ್ರು ಬರೆದಿದ್ದರು. "ತಂಗೀ, ನಿನ್ನ ಕಾಗದಾ ನಿನ್ನೆ ಮುಂದಿನ ಬಾಗಿಲಿಂದ ಬಂತು. ಹಿಂದಿನವು ಎಲ್ಲಿ ಹೋದ್ವು ಅಂತ ಕಸಾ ಕೆದರಿದ್ರ ಇನ್ನೂ ಏಳು ಸಿಕ್ಕಾವ. ಏಳೂ ಓದಿಸಿಕೊಂಡೀನಿ. ಹಳದಿ ಮಾತು ಆಮ್ಯಾಲ ಹೇಳ್ತೀನಿ. ಮೊದಲ ಇದನ್ನ ಹೇಳು, ಸದ್ದು ಕೇಳದಿದ್ರೂ ಲೇತು ಹೆಂಗ ತಿರುವ್ತೀ ನೀ?"

ಎರಡು ತಿಂಗಳಲ್ಲಿ ಬರೆದಿದ್ದರಲ್ಲಿ ಹಳೆಯವು ಕಸದ ಡಬ್ಬದಿಂದ ತಾವಾಗಿಯೇ ಅಳಿಸಿಹೋಗಿದ್ದವು. ಏಳು ಉಳಿದಿದ್ದವು. ಏಳಾದರೂ ಉಳಿದವಲ್ಲ ಅಂತ ನಾನು ಅಲ್ಲೇ ಕೈ ಮುಗಿದೆ.

ನಾದಿನಿ ಎರಡು ಸಲ ಓದಿದಳು. ನನ್ನ ಕೈ ತೆಗೆದುಕೊಂಡು ಪರದೆಯ ಮೇಲಿನ 'ತಂಗೀ' ಅನ್ನುವ ಪದದ ಮೇಲೆ ಇಟ್ಟಳು. ಆಮೇಲೆ ಬರೆಯಲು ಶುರು ಮಾಡಿದಳು. ಅಂಗೈ ಮೋಟಾರಿನ ಮೇಲೆ ಇಟ್ಟು ಲೇತಿನ ಮಾತು ಕೇಳುವುದನ್ನೆಲ್ಲ ಬರೆದಳು. ಒಂದು ಗಂಟೆಯಾದರೂ ಏಳಲಿಲ್ಲ. ಹೋಳಿಗೆ ಊಟದ ಹೊತ್ತು ಮೀರುತ್ತಿದೆ ಅಂತ ನಾನು ಭುಜ ಮುಟ್ಟಿದೆ. ಅವಳು ತಲೆ ಎತ್ತದೆ ಒಂದು ಬೆರಳು ಎತ್ತಿದಳು.

ಭಾಯಿ ಆಗ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡರು.

ನಾನು ಹರಕೆ ತೀರಿಸಲು ಸಾವನದುರ್ಗಕ್ಕೆ ಹೋಗಿ ಬಂದು ಪ್ರಸಾದ ಕೊಟ್ಟಾಗ, "ಯಾವ ಆಫೀಸು ಮೊದ್ಲು ತೆರೀತು ಅಂತ ಕೊನೆಗೂ ಗೊತ್ತಾಗ್ಲಿಲ್ವಲ್ಲ ಅಕ್ಕ" ಅಂದರು. ಕಣ್ಣಿಗೆ ಒತ್ತಿಕೊಂಡೇ ತಿಂದರು.

ಅದಾಗಿ ಬಹಳ ವರ್ಷವಾಯಿತು. ಕಟ್ಟೆ ದೊಡ್ಡದೇನೂ ಆಗಲಿಲ್ಲ, ನಿಲ್ಲಲೂ ಇಲ್ಲ. ಭಾಯಿಗೆ ಕಣ್ಣು ಮಂಜಾದ ಮೇಲೆ ಅದನ್ನು ನಾದಿನಿಗೆ ಕಲಿಸಿದರು. ಕಾಗದ ಎಲ್ಲಿ ತಡೆಯಿತು, ಯಾರ ಪಟ್ಟಿಯಲ್ಲಿ ಹೆಸರು ಬಂತು, ಅರ್ಜಿ ಹೇಗೆ ಹಾಕಬೇಕು ಎಲ್ಲವನ್ನೂ. ಈಗ ಅದನ್ನು ನೋಡಿಕೊಳ್ಳುವವಳು ಅವಳೇ. ಲೇತೂ ಇದೆ.

ಮಣ್ಣು ಮಾಡಿ ಗಂಡಸರೆಲ್ಲ ವಾಪಸು ಬಂದ ಮೇಲೆ ಅವಳು ಕಟ್ಟೆಯಲ್ಲಿ ನಾಲ್ಕು ಸಾಲು ಬರೆದು ಭಾಯಿ ಹೋದ ಸುದ್ದಿ ತಿಳಿಸಿದಳು. ನಾನು ಹಿಂದೆ ನಿಂತಿದ್ದೆ. ಉತ್ತರ ಒಂದು ಬಂತು, ಎರಡು ಬಂತು, ಆಮೇಲೆ ಸಾಲುಸಾಲಾಗಿ ಬಂದವು. ಕಿನ್ನಾಳದಿಂದ, ಕನಕಪುರದಿಂದ, ನಾನು ಹೆಸರು ಕೇಳದ ಊರುಗಳಿಂದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಒಬ್ಬರನ್ನೂ ಬಿಡದೆ ಎಲ್ಲರಿಗೂ ಉತ್ತರ ಬರೆಯುತ್ತಿದ್ದಳು. ಕೂತು ಬರೆಯಲಿ ಅಂತ ಅವಳ ಪಕ್ಕ ಒಂದು ಚೊಂಬು ನೀರಿಟ್ಟು ಬಂದೆ.

ಸಾವಾದ ಮೇಲೆ ಭಾಯಿಯ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಆ ರಾತ್ರಿಯ ಊಟ ನಮ್ಮ ಮನೆಯಿಂದ ಅಂತ ಒಪ್ಪಿಕೊಂಡಿದ್ದೆ. ಅಟ್ಟದ ಮೇಲಿನ ದೊಡ್ಡ ಹಂಡೆ ಇಳಿಸಿ, ಬೂದಿ ಹಾಕಿ ತಿಕ್ಕಲು ಕೂತೆ.